ಮಿರ್ಜಾನ್ ಕೋಟೆ, ಅಘನಾಶಿನಿಯ ಅಳಿವೆ ಮತ್ತು ಕಡಲು: ಶರದೃತುವಿನ ಒಂದು ವಾರಾಂತ್ಯ ಪ್ರವಾಸದ ವಿಮರ್ಶೆ

ಉತ್ತರ ಕನ್ನಡದ ಕರಾವಳಿಯಲ್ಲಿ ವಾರಾಂತ್ಯ ಕಳೆಯಲು ಹೊರಡುವವರಲ್ಲಿ ಹೆಚ್ಚಿನವರ ಲೆಕ್ಕಾಚಾರ ಗೋಕರ್ಣದಿಂದ ಆರಂಭವಾಗಿ ಗೋಕರ್ಣದಲ್ಲೇ ಮುಗಿಯುತ್ತದೆ. ಕುಮಟಾ ಅವರ ಪಾಲಿಗೆ ರೈಲು ನಿಲ್ಲುವ ಒಂದು ಊರು. ಮಿರ್ಜಾನ್ ಕೋಟೆ ಹೆದ್ದಾರಿಯಿಂದ ಅರ್ಧ ಗಂಟೆಯ ಮಟ್ಟಿಗೆ ಒಳಗೆ ತಿರುಗಿ, ಪಾಚಿಗಟ್ಟಿದ ಗೋಡೆಯ ಮುಂದೆ ಚಿತ್ರ ತೆಗೆಸಿಕೊಂಡು ಬರುವ ಒಂದು ಜಾಗ. ಈ ಸಲದ ಶರದೃತುವಿನಲ್ಲಿ ನಾವು ಕೈಗೊಂಡ ಪ್ರವಾಸದಲ್ಲಿ ಆ ಕ್ರಮವನ್ನು ಬದಲಿಸಿ, ಮೊದಲ ಬೆಳಗನ್ನು ಪೂರ್ತಿಯಾಗಿ ಕೋಟೆಗೆ, ಮಧ್ಯಾಹ್ನವನ್ನು ಅಘನಾಶಿನಿ ನದಿ ಕಡಲು ಸೇರುವ ಅಳಿವೆಗೆ, ಮರುದಿನವನ್ನು ಕಡಲಿಗೆ ಮೀಸಲಿಟ್ಟೆವು. ಘಟ್ಟದ ಕಾಳುಮೆಣಸು ಒಂದು ಕಾಲದಲ್ಲಿ ಕೆಳಗಿಳಿದು, ನದಿಯ ಮೂಲಕ ಸಾಗಿ, ಹಡಗು ಸೇರಿದ ದಾರಿಯೂ ಇದೇ. ಈ ಕ್ರಮದಲ್ಲಿ ನೋಡಿದವರಿಗೆ ಅಂಥದೊಂದು ಕೋಟೆ ಆ ಜಾಗದಲ್ಲೇ ಏಕೆ ಎದ್ದಿತೆಂಬುದು ಯಾರೂ ವಿವರಿಸದೆ ಅರ್ಥವಾಗುತ್ತದೆ. ಮರುದಿನ ಎದುರಾಗುವ ಕಡಲೂ ಬರಿಯ ಸ್ನಾನದ ಜಾಗವಾಗಿ ಕಾಣುವುದಿಲ್ಲ. ಈ ಪ್ರವಾಸದ ಬಗ್ಗೆ ನಾನು ಮುಖ್ಯವಾಗಿ ಹೇಳಬೇಕಾದದ್ದು ಇಷ್ಟು, ಉಳಿದದ್ದು ಅದರ ವಿವರ.

ಮೊದಲು ಕಾಲದ ವಿಚಾರ. ಈ ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಸುರಿದುಹೋಗುತ್ತದೆ. ಮಳೆಗಾಲದ ಕರಾವಳಿ ಅತ್ಯಂತ ಸುಂದರವೆಂಬುದು ನಿಜವಾದರೂ ಪ್ರವಾಸಕ್ಕೆ ಅದನ್ನು ನಾನು ಶಿಫಾರಸು ಮಾಡಲಾರೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು ಜೀವಗಳು ಹೋದದ್ದನ್ನು ಈ ಭಾಗದ ಜನ ಇನ್ನೂ ಮರೆತಿಲ್ಲ. ನೈರುತ್ಯ ಮುಂಗಾರು ಸಾಮಾನ್ಯವಾಗಿ ಅಕ್ಟೋಬರ್ ಮಧ್ಯದ ಹೊತ್ತಿಗೆ ರಾಜ್ಯದಿಂದ ಹಿಂದೆ ಸರಿಯುತ್ತದೆ. ಅಲ್ಲಿಂದ ನವೆಂಬರ್ ಕೊನೆಯವರೆಗಿನ ಅವಧಿಯಲ್ಲಿ, ಅಂದರೆ ಆಶ್ವಯುಜದ ಕೊನೆಯಿಂದ ಕಾರ್ತಿಕದವರೆಗೆ, ಆಕಾಶ ತಿಳಿಯಾಗಿರುತ್ತದೆ, ಕಡಲಿನ ಅಬ್ಬರ ತಗ್ಗಿರುತ್ತದೆ, ಕೋಟೆಯ ಗೋಡೆಗಳ ಮೇಲಿನ ಹಸಿರು ಮಾತ್ರ ಇನ್ನೂ ಒಣಗಿರುವುದಿಲ್ಲ. ಡಿಸೆಂಬರ್ ದಾಟಿದ ಮೇಲೆ ಹೋದವರು ಅದೇ ಕೋಟೆಯನ್ನು ಒಣಹುಲ್ಲಿನ ನಡುವೆ ಕೆಂಪು ಕಲ್ಲಿನ ಗೋಡೆಯಾಗಿ ಕಾಣುತ್ತಾರೆ. ಅದಕ್ಕೂ ಅದರದೇ ಗಾಂಭೀರ್ಯವಿದೆ, ಆದರೆ ಎರಡನ್ನೂ ಕಂಡ ನನಗೆ ಶರತ್ಕಾಲದ ಕೋಟೆಯೇ ಹೆಚ್ಚು ಪ್ರಿಯ. ಸಂಜೆಯ ಹೊತ್ತು ಗುಡುಗಿನೊಂದಿಗೆ ಒಂದು ಮಳೆ ಬಂದುಹೋಗುವ ಸಂಭವ ಈ ದಿನಗಳಲ್ಲೂ ಇರುವುದರಿಂದ ಕೊಡೆ ಜೊತೆಗಿರಲಿ. ದಸರೆ ಮತ್ತು ದೀಪಾವಳಿಯ ರಜೆಗಳಿಗೆ ತಾಗಿಕೊಂಡ ವಾರಾಂತ್ಯಗಳನ್ನು ಬಿಟ್ಟು, ಅವೆರಡರ ನಡುವಿನ ಸಾಧಾರಣ ಶನಿವಾರ ಭಾನುವಾರವನ್ನು ಆರಿಸಿಕೊಂಡರೆ ಜನಜಂಗುಳಿಯಿಂದ ಪಾರಾಗಬಹುದು.

ಬೆಂಗಳೂರಿನಿಂದ ಬರುವವರಿಗೆ ಪಂಚಗಂಗಾ ಎಕ್ಸ್‌ಪ್ರೆಸ್ ಅತ್ಯಂತ ಅನುಕೂಲವಾದ ರೈಲು. 2020ರಲ್ಲಿ ಆರಂಭವಾದ ಈ ರೈಲಿಗೆ ಉತ್ತರ ಕನ್ನಡದ ಐದು ನದಿಗಳನ್ನು ನೆನೆದು ಹೆಸರಿಟ್ಟಿದ್ದಾರೆ. ಸಂಜೆ ಬೆಂಗಳೂರು ಬಿಟ್ಟು, ಹಾಸನ, ಸಕಲೇಶಪುರ, ಸುಬ್ರಹ್ಮಣ್ಯದ ಮೇಲೆ ಘಟ್ಟ ಇಳಿದು, ಬೆಳಗಿನ ಹೊತ್ತಿಗೆ ಕುಮಟಾ ಮುಟ್ಟಿಸುತ್ತದೆ. ವಾರಾಂತ್ಯದ ಟಿಕೆಟ್ಟುಗಳು ಬಹುಬೇಗ ಮುಗಿಯುತ್ತವೆ, ಆದ್ದರಿಂದ ಪ್ರವಾಸದ ಯೋಜನೆ ಹಾಕುವ ಮೊದಲೇ ಟಿಕೆಟ್ಟು ಮಾಡಿಸುವುದು ಲೇಸು. ಹುಬ್ಬಳ್ಳಿ, ಶಿರಸಿ ಕಡೆಯವರು ದೇವಿಮನೆ ಘಟ್ಟದ ಮೂಲಕ ಕುಮಟಾಕ್ಕೆ ಇಳಿಯಬಹುದು. ಆ ರಸ್ತೆಯಲ್ಲಿ ಕಾಮಗಾರಿಯಿಂದಾಗಿ ಸಂಚಾರ ಬದಲಾಗುವುದುಂಟು, ಹೊರಡುವ ಮುನ್ನ ವಿಚಾರಿಸಿಕೊಳ್ಳಬೇಕು.

ಕುಮಟಾದಿಂದ ಗೋಕರ್ಣದ ಕಡೆಗೆ ಹೊರಟು, ದಿವಗಿಯ ಬಳಿ ಅಘನಾಶಿನಿಯ ಸೇತುವೆ ದಾಟಿದರೆ ಮಿರ್ಜಾನ್ ಸಿಗುತ್ತದೆ. ಪೇಟೆಯಿಂದ ಒಟ್ಟು ಸುಮಾರು 11 ಕಿಲೋಮೀಟರ್. ಹೆದ್ದಾರಿಯಿಂದ ಕೋಟೆಗೆ ಇರುವುದು ಅರ್ಧ ಕಿಲೋಮೀಟರಿನಷ್ಟು ಒಳದಾರಿ. ಬಿಸಿಲೇರುವ ಮೊದಲು, ಸಾಧ್ಯವಾದರೆ ಬೆಳಗಿನ ಒಂಬತ್ತರೊಳಗೆ ಅಲ್ಲಿರುವುದು ಬಹಳ ಮುಖ್ಯ. ಅಕ್ಟೋಬರಿನ ಕರಾವಳಿಯ ಬಿಸಿಲಿಗೆ ಸೆಖೆಯೂ ಸೇರಿಕೊಳ್ಳುತ್ತದೆ, ಕೋಟೆಯ ಒಳಗಿನ ಬಯಲಿನಲ್ಲಿ ನೆರಳು ಕಡಿಮೆ. ಬೆಳಗಿನ ಓರೆ ಬೆಳಕಿಗೆ ಇನ್ನೊಂದು ಪ್ರಯೋಜನವೂ ಇದೆ: ಕೊತ್ತಲಗಳ ದುಂಡನೆಯ ಮೈ, ಕಲ್ಲಿನ ಸಾಲುಗಳ ನಡುವಿನ ಸಂದು, ಪಾಚಿಯ ಹಲವು ಬಗೆಯ ಹಸಿರು ಇವೆಲ್ಲ ಆಗ ಕಾಣುವಷ್ಟು ಸ್ಪಷ್ಟವಾಗಿ ನಡುಹಗಲಿನಲ್ಲಿ ಕಾಣುವುದಿಲ್ಲ.

ಕೋಟೆ ಸುಮಾರು 10 ಎಕರೆ ವಿಸ್ತಾರದಲ್ಲಿದೆ, ಪೂರ್ತಿಯಾಗಿ ಚಿರೆಕಲ್ಲಿನಿಂದ ಕಟ್ಟಿದ್ದು. ಎತ್ತರದ ಎರಡು ಸುತ್ತಿನ ಗೋಡೆ, ಅಲ್ಲಲ್ಲಿ ದುಂಡು ಕೊತ್ತಲಗಳು, ಹೊರಗೆ ಆಳವಾದ ಕಂದಕ, ಒಂದು ಮಹಾದ್ವಾರ ಮತ್ತು ಮೂರು ಉಪದ್ವಾರಗಳು, ಒಳಗೆ ಬಾವಿಗಳು, ದರ್ಬಾರು ನಡೆಯುತ್ತಿದ್ದ ಕಟ್ಟಡದ ಮತ್ತು ಪೇಟೆಯ ಅವಶೇಷಗಳು. ಇಷ್ಟನ್ನು ಪಟ್ಟಿ ಮಾಡಿದರೆ ಇತರ ಕೋಟೆಗಳಂತೆಯೇ ಇದೂ ಒಂದು ಎನಿಸಬಹುದು. ಇಲ್ಲಿ ನಿಂತು ನೋಡಬೇಕಾದದ್ದು ಕಲ್ಲನ್ನು. ಚಿರೆಕಲ್ಲು ನೆಲದಿಂದ ಕಡಿಯುವಾಗ ಮೃದುವಾಗಿದ್ದು, ಗಾಳಿ ಬಿಸಿಲಿಗೆ ಒಡ್ಡಿಕೊಂಡಂತೆಲ್ಲ ಗಟ್ಟಿಯಾಗುವ ಕಲ್ಲು. ಮೈತುಂಬ ಸಣ್ಣ ತೂತುಗಳಿರುವುದರಿಂದ ಮಳೆಯ ನೀರನ್ನು ಹೀರಿಕೊಂಡು ತಿಂಗಳುಗಟ್ಟಲೆ ತೇವವಾಗಿ ಉಳಿಯುತ್ತದೆ. ಮಳೆ ನಿಂತ ಮೇಲೂ ಗೋಡೆಗಳ ಮೇಲೆ ಪಾಚಿ, ಜರಿಗಿಡ, ಹುಲ್ಲು ಜೀವ ಹಿಡಿದಿರುವುದು ಇದೇ ಕಾರಣದಿಂದ. 1801ರಲ್ಲಿ ಈ ಕರಾವಳಿಯಲ್ಲಿ ಸಂಚರಿಸಿದ್ದ ಫ್ರಾನ್ಸಿಸ್ ಬುಕಾನನ್ ಮುಂದೆ 1807ರಲ್ಲಿ ಈ ಕಲ್ಲಿಗೆ ‘ಲ್ಯಾಟರೈಟ್’ ಎಂಬ ಹೆಸರನ್ನು ಕೊಟ್ಟು ಅದನ್ನು ಭೂವಿಜ್ಞಾನದ ಶಬ್ದಭಂಡಾರಕ್ಕೆ ಸೇರಿಸಿದ. ಇಂದಿಗೂ ಈ ಭಾಗದ ಮನೆಗಳ ಗೋಡೆ, ಬಾವಿಯ ಕಟ್ಟೆ, ತೋಟದ ಪಾಗಾರ ಇದೇ ಕಲ್ಲಿನವು. ಊರಿನ ಮನೆಗೂ ಕೋಟೆಗೂ ಒಂದೇ ಕಲ್ಲು ಎಂಬ ಕಾರಣಕ್ಕೆ ಮಿರ್ಜಾನ್ ಕೋಟೆ ಸುತ್ತಲಿನ ನೆಲಕ್ಕೆ ಹೊರಗಿನದಾಗಿ ಕಾಣುವುದಿಲ್ಲ. ಚಿತ್ರದುರ್ಗದ ಬಂಡೆಗಲ್ಲಿನ ಕೋಟೆಯನ್ನು ನೋಡಿ ಬೆಳೆದ ನನಗೆ ಇದು ಸಂಪೂರ್ಣ ಬೇರೆಯ ಅನುಭವವಾಗಿತ್ತು.

ಕೋಟೆಯ ಇತಿಹಾಸವನ್ನು ಒಬ್ಬರೇ ಒಡೆಯರ ಹೆಸರಿನಲ್ಲಿ ಹೇಳಿ ಮುಗಿಸಲು ಬರುವುದಿಲ್ಲ. ಜನಮನದಲ್ಲಿ ಇದು ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕೋಟೆ. 1552ರಿಂದ 1606ರವರೆಗೆ ಆಳಿದ ಆಕೆ ಕರಾವಳಿಯ ಮೆಣಸಿನ ವ್ಯಾಪಾರದ ಮೇಲೆ ಹಿಡಿತ ಸಾಧಿಸಿದ್ದಳು. ಪೋರ್ಚುಗೀಸರು ಆಕೆಯನ್ನು ‘ರೈನಾ ದ ಪಿಮೆಂಟಾ’, ಅಂದರೆ ಮೆಣಸಿನ ರಾಣಿ ಎಂದು ಕರೆದರು. ಈಗ ಕಾಣುವ ಕಟ್ಟಡದ ಹೆಚ್ಚಿನ ಭಾಗ ಆಕೆಯ ನಂತರ, 17ನೆಯ ಶತಮಾನದ ಮೊದಲ ದಶಕಗಳಲ್ಲಿ ಬಿಜಾಪುರದ ಅಧಿಕಾರಿ ಷರೀಫ್ ಉಲ್ ಮುಲ್ಕ್ ಕಟ್ಟಿಸಿದ್ದೆಂಬ ಅಭಿಪ್ರಾಯವೂ ಇದೆ. ವಾಸ್ತುವಿನಲ್ಲಿ ಇಸ್ಲಾಮೀ ಶೈಲಿಯ ಗುರುತುಗಳಿರುವುದು ಆ ಅಭಿಪ್ರಾಯಕ್ಕೆ ಪುಷ್ಟಿ ಕೊಡುತ್ತದೆ. ಕೆಳದಿಯ ನಾಯಕರು, ಮರಾಠರು, ಹೈದರ್ ಮತ್ತು ಟಿಪ್ಪುವಿನ ಸೈನ್ಯ, ಕೊನೆಗೆ ಬ್ರಿಟಿಷರು, ಹೀಗೆ ಕೈ ಬದಲಾಗುತ್ತಲೇ ಹೋದ ನೆಲೆ ಇದು. ಪ್ರಾಚೀನ ರೋಮನ್ ವ್ಯಾಪಾರಿಗಳು ಬಲ್ಲ ಮುಜಿರಿಸ್ ಬಂದರು ಇದೇ ಇರಬಹುದೆಂದು ಹಿಂದೆ ಕೆಲವರು ಊಹಿಸಿದ್ದರು. ಅದು ಕೇರಳದ ಪೆರಿಯಾರ್ ನದಿಯ ಮುಖದ ಬಳಿ ಇತ್ತೆಂಬುದು ಇಂದಿನ ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. 2000-01ರಲ್ಲಿ ಪುರಾತತ್ವ ಇಲಾಖೆ ನಡೆಸಿದ ಉತ್ಖನನದಲ್ಲಿ ಪೋರ್ಚುಗೀಸ್ ಚಿನ್ನದ ನಾಣ್ಯ, ಕಬ್ಬಿಣದ ಗುಂಡುಗಳು, ಚೀನಾದ ಪಿಂಗಾಣಿಯ ಚೂರುಗಳು ದೊರೆತವು. ಚೀನಾದ ಪಿಂಗಾಣಿ ಕುಮಟಾ ತಾಲ್ಲೂಕಿನ ಮಣ್ಣಿನಲ್ಲಿ ಸಿಕ್ಕಿತೆಂಬ ಒಂದು ಸಂಗತಿ ಸಾಕು, ಈ ಪುಟ್ಟ ಊರು ಎಂಥ ದೊಡ್ಡ ವ್ಯಾಪಾರದ ಕೊಂಡಿಯಾಗಿತ್ತೆಂದು ಊಹಿಸಲು.

ಇಷ್ಟೆಲ್ಲವನ್ನೂ ಕೋಟೆಯೊಳಗೆ ನಡೆದಾಡುತ್ತಲೇ ತಿಳಿದುಕೊಳ್ಳಬಹುದೆಂದು ನಿರೀಕ್ಷಿಸದೆ, ಮನೆಯಲ್ಲೇ ಸ್ವಲ್ಪ ಓದಿಕೊಂಡು ಹೋಗಬೇಕೆಂದು ಓದುಗರಲ್ಲಿ ಕೇಳಿಕೊಳ್ಳುತ್ತೇನೆ. ಯಾವ ತಳಪಾಯ ಯಾವ ಕಟ್ಟಡದ್ದು, ಯಾವ ಮೆಟ್ಟಿಲು ಎಲ್ಲಿಗೆ ಇಳಿಯುತ್ತದೆ ಎಂದು ನಕ್ಷೆಯೊಂದಿಗೆ ತೋರಿಸುವ ವಿವರವಾದ ಕನ್ನಡ ಫಲಕಗಳು ಇಂಥ ಜಾಗದಲ್ಲಿ ಹೆಜ್ಜೆಹೆಜ್ಜೆಗೂ ಇರಬೇಕೆಂಬುದು ನನ್ನ ಬಲವಾದ ಆಸೆ. ಚಿತ್ರ ತೆಗೆಯಲು ಬಂದ ತರುಣ ತರುಣಿಯರು ಒಂದು ಕ್ಷಣ ನಿಂತು ಓದುವಂತಿದ್ದರೆ, ಮೆಣಸಿನ ರಾಣಿಯ ಹೆಸರು ಅವರೊಂದಿಗೆ ಅವರ ಊರುಗಳಿಗೂ ಹೋಗುತ್ತಿತ್ತು.

ನೋಡುವ ಕ್ರಮದ ಬಗ್ಗೆ ಒಂದು ಸಲಹೆ. ಬಾಗಿಲು ದಾಟಿದ ಕೂಡಲೇ ನಡುವಿನ ಬಯಲಿಗೆ ಹೋಗದೆ, ಮೊದಲು ಗೋಡೆಯ ಮೇಲೇರಿ ಪೂರ್ತಿ ಒಂದು ಸುತ್ತು ಬನ್ನಿ. ಕಂದಕ ಎಲ್ಲಿ ತಿರುಗುತ್ತದೆ, ಕೊತ್ತಲಗಳು ಯಾವ ದಿಕ್ಕನ್ನು ಕಾಯುತ್ತವೆ, ತೆಂಗಿನ ತೋಟಗಳಾಚೆ ನದಿ ಎಷ್ಟು ಹತ್ತಿರವಿದೆ ಎಂಬುದು ಮೇಲಿನಿಂದ ತಿಳಿಯುತ್ತದೆ. ಆ ಬಳಿಕ ಕೆಳಗಿಳಿದು ಬಾವಿಗಳನ್ನು ನೋಡಿ. ಅವುಗಳಿಂದ ಕಂದಕದ ಕಡೆಗೆ ಹೋಗುವ ದಾರಿಗಳಿದ್ದವೆಂಬುದನ್ನು ಮನಸ್ಸಿನಲ್ಲಿಟ್ಟು ನೋಡಿದರೆ, ನೀರನ್ನೇ ರಕ್ಷಣೆಗೂ ಸಂಚಾರಕ್ಕೂ ಬಳಸಿಕೊಂಡ ಕೌಶಲ ಎದ್ದು ಕಾಣುತ್ತದೆ. ಪಾಚಿಯ ಮೇಲೆ ಕಾಲು ಜಾರುತ್ತದೆ, ಗೋಡೆಯ ಅಂಚಿಗೆ ಆಸರೆಯಿಲ್ಲ. ಚಿಕ್ಕ ಮಕ್ಕಳ ಕೈ ಬಿಡಬಾರದು, ಹಿಡಿತವಿರುವ ಪಾದರಕ್ಷೆ ಹಾಕಿಕೊಳ್ಳಬೇಕು. ಗೋಡೆಯ ಮೇಲಿನ ಪಾಚಿಯನ್ನು ಕೆರೆದು ಹೆಸರು ಬರೆಯುವ ಚಪಲವನ್ನು ದಯವಿಟ್ಟು ಯಾರೂ ತೋರಿಸಬಾರದು. ಚಿರೆಕಲ್ಲು ಗ್ರಾನೈಟಿನಂತಲ್ಲ, ಅದರ ಮೇಲಿನ ಗೀರು ಪ್ರತಿ ಮಳೆಗಾಲಕ್ಕೂ ಆಳವಾಗುತ್ತ ಹೋಗುತ್ತದೆ.

ಕೋಟೆಯಿಂದ ಹೊರಬಿದ್ದವರು ಸಾಮಾನ್ಯವಾಗಿ ನೇರವಾಗಿ ಕಡಲತೀರಕ್ಕೆ ಹೋಗುತ್ತಾರೆ. ನನ್ನ ಮಟ್ಟಿಗೆ ಈ ಪ್ರವಾಸದ ಅತ್ಯುತ್ತಮ ಭಾಗ ಇವೆರಡರ ನಡುವೆ ಇರುವ ಅಳಿವೆ. ಶಿರಸಿಯ ಬಳಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಎತ್ತರದಿಂದ ಧುಮುಕಿ, ಒಂದೇ ಒಂದು ದೊಡ್ಡ ಅಣೆಕಟ್ಟನ್ನೂ ಕಾಣದೆ ಕಡಲು ಸೇರುವ ಅಘನಾಶಿನಿ ಪಶ್ಚಿಮ ಘಟ್ಟದ ಅಪರೂಪದ ನದಿ. ಅದರ ಅಳಿವೆಯ 4801 ಹೆಕ್ಟೇರ್ ಪ್ರದೇಶ 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ನದಿಗೆ ತಡೆಯಿಲ್ಲದ ಕಾರಣ ಘಟ್ಟದ ಸಿಹಿನೀರೂ ಹೂಳೂ ಕಾಲಕಾಲಕ್ಕೆ ಇಲ್ಲಿಗೆ ಬಂದು ಸೇರುತ್ತವೆ. ಕಡಲಿನ ಉಪ್ಪುನೀರು ದಿನಕ್ಕೆರಡು ಸಲ ಭರತ, ಅಂದರೆ ಉಬ್ಬರದೊಂದಿಗೆ ಒಳನುಗ್ಗುತ್ತದೆ. ಎರಡರ ಈ ಬೆರಕೆಯಲ್ಲೇ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು ಬೇರೂರಿವೆ, ಮೀನಿನ ಮರಿಗಳು ಬೆಳೆಯುತ್ತವೆ, ಬೆಳಚು ಎಂಬ ಚಿಪ್ಪುಜೀವಿ ಹೇರಳವಾಗಿ ಸಿಗುತ್ತದೆ. ಒಂದು ಕಾಲದಲ್ಲಿ ಅಳಿವೆಯ ದಡದ ತದಡಿ ಗ್ರಾಮದಲ್ಲಿ 4000 ಮೆಗಾವಾಟಿನ ಉಷ್ಣ ವಿದ್ಯುತ್ ಸ್ಥಾವರವನ್ನು ಸ್ಥಾಪಿಸುವ ಪ್ರಸ್ತಾಪ ಬಂದಿತ್ತು. ಜನ ಅದನ್ನು ವಿರೋಧಿಸಿ ನಿಂತದ್ದರಿಂದ ಏನು ಉಳಿಯಿತೆಂಬುದನ್ನು ಇಳಿತದ ಹೊತ್ತಿನಲ್ಲಿ ನದಿಯ ನಡುವೆ ಮೊಣಕಾಲು ನೀರಿನಲ್ಲಿ ನಿಂತು ಬೆಳಚು ಆರಿಸುವ ಹೆಂಗಸರು ಗಂಡಸರನ್ನು ನೋಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮಿರ್ಜಾನಿನಿಂದ ಹಿರೇಗುತ್ತಿ, ಮಾದನಗೇರಿಯ ಮಾರ್ಗವಾಗಿ ತದಡಿಗೆ ಹೋಗುವ ದಾರಿಯುದ್ದಕ್ಕೂ ಗಜನಿ ಭೂಮಿ ಕಾಣುತ್ತದೆ. ಉಪ್ಪುನೀರು ನುಗ್ಗುವ ಈ ತಗ್ಗು ಗದ್ದೆಗಳಲ್ಲಿ ಬೆಳೆಯುತ್ತಿದ್ದದ್ದು ಕಗ್ಗ ಭತ್ತ. ನೆರೆಯ ನೀರಿನಲ್ಲಿ ಮುಳುಗಿ ನಿಂತರೂ, ಉಪ್ಪು ತಾಗಿದರೂ ಸಾಯದ, ಗೊಬ್ಬರವನ್ನಾಗಲಿ ಔಷಧಿಯನ್ನಾಗಲಿ ಬೇಡದ ತಳಿ ಅದು. ಮಳೆಗಾಲದಲ್ಲಿ ಬೆಳೆದು ಶರತ್ಕಾಲದಲ್ಲಿ ಕೊಯ್ಲಿಗೆ ಬರುತ್ತದೆ. ಸಿಗಡಿ ಕೃಷಿಯ ಲಾಭದ ಎದುರು ಈ ಬೇಸಾಯ ಬಹಳಷ್ಟು ಕಡೆ ಹಿಂದೆ ಸರಿದಿದೆ, ಕುಮಟಾ ತಾಲ್ಲೂಕಿನ ಮಾಣಿಕಟ್ಟಾದ ಸುತ್ತಮುತ್ತ ರೈತರು ಅದನ್ನು ಇನ್ನೂ ಉಳಿಸಿಕೊಂಡಿದ್ದಾರೆ. ಅಕ್ಕಿ ಸಿಕ್ಕಿದರೆ ಕೊಳ್ಳಿರಿ. ಸಾಣಿಕಟ್ಟೆಯ ಉಪ್ಪಿನ ಆಗರಗಳೂ ಇದೇ ದಾರಿಯಲ್ಲಿವೆ. ಉಪ್ಪು ತೆಗೆಯುವುದು ಬೇಸಿಗೆಯಲ್ಲಾದ್ದರಿಂದ ಈ ಕಾಲದಲ್ಲಿ ಅವು ನೀರು ತುಂಬಿ ನಿಂತಿರುತ್ತವೆ, ಅಕ್ಟೋಬರಿನಿಂದ ಬರತೊಡಗುವ ವಲಸೆ ಹಕ್ಕಿಗಳನ್ನು ಅಲ್ಲಿ ನೋಡಬಹುದು.

ತದಡಿಯಿಂದ ಎದುರು ದಡದ ಅಘನಾಶಿನಿ ಗ್ರಾಮಕ್ಕೆ ತಾರಿ ದೋಣಿಯಿದೆ. ಸ್ವಂತ ಕಾರಿನಲ್ಲಿ ಬಂದವರು ರಸ್ತೆಯಲ್ಲೇ ಹಿಂದಿರುಗಬೇಕಾಗುತ್ತದೆ; ನಾವು ತದಡಿಯವರೆಗೆ ಬಾಡಿಗೆಯ ರಿಕ್ಷಾದಲ್ಲಿ ಬಂದಿದ್ದೆವಾದ್ದರಿಂದ ದೋಣಿ ಏರಿದೆವು. ದಾಟಲು ಬೇಕಾದ ಸಮಯ ಬಹಳ ಕಡಿಮೆ, ದುಡ್ಡೂ ಅಷ್ಟೇ, ಆದರೆ ಈ ಪ್ರವಾಸದಲ್ಲಿ ಯಾವುದನ್ನು ಬಿಟ್ಟರೂ ಇದನ್ನು ಬಿಡಬೇಡಿ ಎಂದು ಹೇಳುತ್ತೇನೆ. ದೋಣಿ ನಡುನೀರಿಗೆ ಬಂದಾಗ ಒಂದು ಕಡೆ ಅಲೆಗಳ ಬಿಳಿ ಗೆರೆ, ಇನ್ನೊಂದು ಕಡೆ ನದಿ ತಿರುಗಿ ಒಳನಾಡಿಗೆ ಸಾಗುವ ಅಗಲವಾದ ನೀರು, ಅದರಾಚೆ ಘಟ್ಟದ ನೀಲಿ ಸಾಲು ಒಟ್ಟಿಗೆ ಕಾಣುತ್ತವೆ. ದೊಡ್ಡ ಹಡಗುಗಳು ಹೊರಗೆ ನಿಲ್ಲುವಾಗ ಸಣ್ಣ ದೋಣಿಗಳು ಒಳಗೆ ಹೋಗಿ ಸರಕು ತುಂಬಿಕೊಂಡು ಬರಲು ಇಂಥ ಅಳಿವೆ ಎಷ್ಟು ತಕ್ಕದ್ದು, ಅದರ ಒಳಮಗ್ಗುಲಲ್ಲಿ ಕೋಟೆಯೊಂದನ್ನು ಹಿಡಿದವರ ಕೈಯಲ್ಲಿ ಎಷ್ಟು ಅಧಿಕಾರವಿದ್ದಿರಬೇಕು ಎಂಬುದು ನನಗೆ ಮನವರಿಕೆಯಾದದ್ದು ಕೋಟೆಯಲ್ಲಿ ಅಲ್ಲ, ಈ ದೋಣಿಯಲ್ಲಿ. ದೋಣಿ ನಡೆಸುವವರನ್ನು ಭರತ ಇಳಿತದ ಸಮಯ ಕೇಳಿದರೆ ಪ್ರೀತಿಯಿಂದ ಹೇಳುತ್ತಾರೆ. ಉಬ್ಬರದ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ, ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಏರಿಳಿತ ಹೆಚ್ಚು. ಅಳಿವೆಯನ್ನು ನೋಡಲು ಇಳಿತದ ಹೊತ್ತು ಒಳ್ಳೆಯದು. ಸಂಜೆಯ ಕೊನೆಯ ದೋಣಿ ಎಷ್ಟು ಗಂಟೆಗೆ ಎಂಬುದನ್ನು ಮಾತ್ರ ಮೊದಲೇ ಖಚಿತಪಡಿಸಿಕೊಳ್ಳಿ.

ಅಲ್ಲಿಂದ ಬಾಡ ಎಂಬ ಊರಿನ ಕಡಲತೀರಕ್ಕೆ ಕೆಲವೇ ಕಿಲೋಮೀಟರ್. ನಾವು ಉಳಿದುಕೊಂಡದ್ದು ಆ ಭಾಗದ ಒಂದು ಹೋಂಸ್ಟೇಯಲ್ಲಿ. ತೆಂಗಿನ ತೋಟದ ನಡುವಿನ ಹಂಚಿನ ಮನೆ, ಸ್ವಚ್ಛವಾದ ಕೊಠಡಿ, ಒಳ್ಳೆಯ ಗಾಳಿ. ಮನೆಯವರ ಉಪಚಾರದಲ್ಲಿ ಯಾವ ಕೊರತೆಯೂ ಕಾಣಲಿಲ್ಲ. ಊಟವನ್ನು ಹಿಂದಿನ ದಿನವೇ ಹೇಳಿಡಬೇಕೆಂಬುದನ್ನು ಕಾಯ್ದಿರಿಸುವಾಗ ತಿಳಿಸಿದ್ದರೆ ಮೊದಲ ರಾತ್ರಿ ಅನ್ನ ಸಾರಿನಲ್ಲೇ ತೃಪ್ತಿಪಡುವ ಅಗತ್ಯ ಬೀಳುತ್ತಿರಲಿಲ್ಲ. ಮರುದಿನದ ಊಟ ಆ ಕೊರತೆಯನ್ನು ತುಂಬಿಕೊಟ್ಟಿತು: ಕುಚ್ಚಲಕ್ಕಿ ಅನ್ನ, ಬಂಗಡೆಯ ಸಾರು, ತೆಂಗಿನಕಾಯಿ ಧಾರಾಳವಾಗಿ ಹಾಕಿದ ಬೆಳಚಿನ ಸುಕ್ಕ, ಕೊನೆಗೆ ಮುರುಗಲ ಹಣ್ಣಿನ ಕಡಿ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ಕಾಲ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ; ಶರತ್ಕಾಲದ ಹೊತ್ತಿಗೆ ದೋಣಿಗಳು ಪೂರ್ಣ ಪ್ರಮಾಣದಲ್ಲಿ ಕಡಲಿಗಿಳಿದಿರುವುದರಿಂದ ತಾಜಾ ಮೀನಿಗೆ ಬರವಿಲ್ಲ. ಸಸ್ಯಾಹಾರಿಗಳು ಮುಂಚಿತವಾಗಿ ಹೇಳಿದರೆ ತಂಬುಳಿ, ಅಪ್ಪೆಹುಳಿಯ ಅಡುಗೆ ಮಾಡಿಕೊಡುವ ಮನೆಗಳೂ ಈ ತಾಲ್ಲೂಕಿನಲ್ಲಿ ಸಾಕಷ್ಟಿವೆ.

ಇನ್ನು ಕಡಲು. ಗೋಕರ್ಣದ ಕುಡ್ಲೆ ಮತ್ತು ಓಂ ತೀರಗಳ ಸೊಬಗನ್ನು ಯಾರೂ ಅಲ್ಲಗಳೆಯಲಾರರು. ಗುಡ್ಡವಿಳಿದು ಓಂ ತೀರದ ಎರಡು ಕಮಾನುಗಳನ್ನು ಮೊದಲ ಸಲ ಕಾಣುವ ಸಂತೋಷ ದೊಡ್ಡದು. ಆದರೆ ಶಾಂತಿಯನ್ನು ಅರಸಿ ಹೋಗುವವರಿಗೆ ವಾರಾಂತ್ಯದ ಗೋಕರ್ಣ ಈಗ ತಕ್ಕ ಜಾಗವಲ್ಲ. ಬಾಡದ ತೀರ ಅದಕ್ಕೆ ನೇರ ವಿರುದ್ಧ. ಉದ್ದಕ್ಕೆ ಚಾಚಿದ ಉಸುಕು, ಹಿಂದೆ ಗಾಳಿಮರಗಳ ಸಾಲು, ಬೆಳಿಗ್ಗೆ ಬಲೆ ಎಳೆಯುವ ಮೀನುಗಾರರು, ಅಷ್ಟು ಬಿಟ್ಟರೆ ಹೆಚ್ಚೇನೂ ಇಲ್ಲ. ನಡೆಯಲು, ಕೂರಲು, ಸೂರ್ಯಾಸ್ತ ನೋಡಲು ಇದಕ್ಕಿಂತ ಹಿತವಾದ ತೀರವನ್ನು ನಾನು ಈ ಜಿಲ್ಲೆಯಲ್ಲಿ ಕಂಡಿಲ್ಲ. ಇಂಥ ಏಕಾಂತದ ತೀರದಲ್ಲಿ ನೀರಿಗಿಳಿಯುವುದು ಮಾತ್ರ ಅಪಾಯಕರ, ಏಕೆಂದರೆ ಕಷ್ಟ ಬಂದಾಗ ಕೂಗಿದರೆ ಕೇಳಿಸಿಕೊಳ್ಳುವವರು ಇರುವುದಿಲ್ಲ.

ಆದ್ದರಿಂದ ಮಕ್ಕಳೊಂದಿಗೆ ಕಡಲಸ್ನಾನ ಮಾಡಬೇಕೆಂದಿರುವವರು ಭಾನುವಾರ ಹೊನ್ನಾವರದ ಕಾಸರಕೋಡಿಗೆ ಹೋಗಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಕುಮಟಾದಿಂದ ದಕ್ಷಿಣಕ್ಕೆ ಹೊರಟು, ಹೊನ್ನಾವರದಲ್ಲಿ ಶರಾವತಿಯ ಸೇತುವೆ ದಾಟಿದರೆ ಹೆದ್ದಾರಿಯ ಪಕ್ಕದಲ್ಲೇ ಈ ತೀರ ಸಿಗುತ್ತದೆ. 2020ರ ಅಕ್ಟೋಬರಿನಲ್ಲಿ ಭಾರತದ ಎಂಟು ಕಡಲತೀರಗಳಿಗೆ ಮೊದಲ ಬಾರಿಗೆ ‘ಬ್ಲೂ ಫ್ಲ್ಯಾಗ್’ ಮಾನ್ಯತೆ ದೊರೆತಾಗ ಕರ್ನಾಟಕದಿಂದ ಆಯ್ಕೆಯಾದವು ಎರಡು, ಉಡುಪಿ ಜಿಲ್ಲೆಯ ಪಡುಬಿದ್ರಿ ಮತ್ತು ಇದು. ಡೆನ್ಮಾರ್ಕಿನಲ್ಲಿ ನೆಲೆಸಿರುವ ಸಂಸ್ಥೆಯೊಂದು ಕೊಡುವ ಈ ಮಾನ್ಯತೆಗೆ ನೀರಿನ ಶುದ್ಧತೆ, ಪರಿಸರ ನಿರ್ವಹಣೆ, ಪರಿಸರ ಶಿಕ್ಷಣ, ಸುರಕ್ಷತೆ ಮತ್ತು ಸೌಲಭ್ಯ ಎಂಬ ನಾಲ್ಕು ವಿಭಾಗಗಳಲ್ಲಿ 33 ಅಂಶಗಳನ್ನು ಪೂರೈಸಬೇಕು. ನೀರಿನ ಪರೀಕ್ಷೆ ನಿಯತವಾಗಿ ನಡೆಯಬೇಕು, ಮಾನ್ಯತೆಯನ್ನು ಪ್ರತಿವರ್ಷ ನವೀಕರಿಸಿಕೊಳ್ಳಬೇಕು. ಇದೆಲ್ಲ ಕಾಗದದ ಮಾತೆಂದು ತಿಳಿದು ಹೋದ ನಮ್ಮ ಮನೆಯ ಹಿರಿಯರಿಗೆ ಬಟ್ಟೆ ಬದಲಿಸುವ ಕೊಠಡಿ, ಶುಚಿಯಾದ ಶೌಚಾಲಯ, ಸ್ನಾನಕ್ಕೆ ಸಿಹಿನೀರು, ಗಾಳಿಮರಗಳ ನೆರಳಿನಲ್ಲಿ ಕೂರುವ ವ್ಯವಸ್ಥೆ ಕಂಡು ನಿಜವಾಗಿಯೂ ಸಂತೋಷವಾಯಿತು. ಸ್ನಾನಕ್ಕೆ ಗುರುತಿಸಿದ ಭಾಗವಿದೆ, ಅದನ್ನು ನೋಡಿಕೊಳ್ಳುವ ಜೀವರಕ್ಷಕರಿದ್ದಾರೆ. ಹೆಂಗಸರು, ವಯಸ್ಸಾದವರು, ಚಿಕ್ಕ ಮಕ್ಕಳು ಇರುವ ಕುಟುಂಬಕ್ಕೆ ಇವುಗಳಿಗಿಂತ ದೊಡ್ಡ ಸೌಕರ್ಯ ಕಡಲತೀರದಲ್ಲಿ ಬೇರೊಂದಿಲ್ಲ.

ಮಳೆಗಾಲ ಮುಗಿದು ಅಲೆಗಳು ತಗ್ಗಿದ ಮಾತ್ರಕ್ಕೆ ಕಡಲು ನಿರಪಾಯವಾಯಿತೆಂದು ಭಾವಿಸಬಾರದು. ದಡಕ್ಕೆ ಬಂದ ನೀರು ಕಿರಿದಾದ ಹರಿವಾಗಿ ರಭಸದಿಂದ ಒಳಕ್ಕೆ ಸರಿಯುವ ಸೆಳೆತ ಈ ಕರಾವಳಿಯಲ್ಲಿ ಎಲ್ಲ ಋತುಗಳಲ್ಲೂ ಇರಬಹುದು, ಮೇಲ್ನೋಟಕ್ಕೆ ಅಂಥ ಜಾಗದಲ್ಲೇ ಅಲೆ ಕಡಿಮೆಯಿದ್ದು ಶಾಂತವಾಗಿ ಕಾಣುತ್ತದೆ. ಸೆಳೆತಕ್ಕೆ ಸಿಕ್ಕಿದವರು ದಡದ ಕಡೆಗೆ ನೇರವಾಗಿ ಈಜಲು ಹೆಣಗದೆ, ದಡಕ್ಕೆ ಸಮಾನಾಂತರವಾಗಿ ಈಜಿ ಹರಿವಿನಿಂದ ಹೊರಬಂದ ಮೇಲೆ ಹಿಂದಿರುಗಬೇಕು. ಜೀವರಕ್ಷಕರು ಸೀಟಿ ಊದಿದಾಗ ವಾದ ಮಾಡುತ್ತ ನಿಂತ ಪ್ರವಾಸಿಗರನ್ನು ಕಂಡು ನನಗೆ ಬಹಳ ಬೇಸರವಾಯಿತು. ನೀರಿನ ಮಾತು ಅವರಿಗೆ ಗೊತ್ತು, ಅವರು ಮೇಲೆ ಬನ್ನಿ ಎಂದರೆ ಬಂದುಬಿಡಬೇಕು.

ಕಾಸರಕೋಡಿನ ಬಗ್ಗೆ ಇನ್ನೊಂದು ಮಾತನ್ನು ಹೇಳದೆ ಹೋಗಲಾರೆ. ಅದೇ ಊರಿನ ಟೊಂಕ ಭಾಗದಲ್ಲಿ ವಾಣಿಜ್ಯ ಬಂದರು ನಿರ್ಮಿಸುವ ಯೋಜನೆಯ ವಿರುದ್ಧ ಮೀನುಗಾರ ಕುಟುಂಬಗಳು ವರ್ಷಗಳಿಂದ ಹೋರಾಡುತ್ತಿವೆ. ಕಡಲಾಮೆಗಳು ಮೊಟ್ಟೆಯಿಡಲು ಬರುವ ಉಸುಕು ಅದು, ಮೀನು ಒಣಗಿಸಿ ಬದುಕುವ ಹೆಂಗಸರ ಅಂಗಳವೂ ಅದೇ. ನೀಲಿ ಬಾವುಟದ ತೀರದಲ್ಲಿ ಖುಷಿಪಟ್ಟು ಹೋಗುವವರು ಆ ಕಡೆಗೂ ಒಂದಿಷ್ಟು ನಡೆದು ನೋಡಿಬರಬೇಕು. ಹೊನ್ನಾವರದಲ್ಲಿ ಶರಾವತಿಯ ಕಾಂಡ್ಲಾ ವನದೊಳಗೆ ಮರದ ಹಲಗೆಗಳ ನಡೆದಾರಿಯಿದ್ದು, ಮಕ್ಕಳಿಗೆ ನೀರಿನಿಂದ ಮೇಲೆದ್ದ ಬೇರುಗಳನ್ನು ಹತ್ತಿರದಿಂದ ತೋರಿಸಲು ಅನುಕೂಲವಾಗಿದೆ.

ಯಾರಿಗೆ ಈ ಪ್ರವಾಸ ಹೊಂದುತ್ತದೆ? ನಡೆಯಬಲ್ಲ, ಸ್ವಲ್ಪ ಬಿಸಿಲು ತಡೆಯಬಲ್ಲ, ಇತಿಹಾಸದಲ್ಲಿ ಆಸಕ್ತಿಯಿರುವ ಕುಟುಂಬಗಳಿಗೆ ನಿಸ್ಸಂಶಯವಾಗಿ ಹೊಂದುತ್ತದೆ. ಗಾಲಿಕುರ್ಚಿ ಬಳಸುವವರಿಗೆ ಕೋಟೆಯ ಒಳಗಿನ ಏರುತಗ್ಗು ಕಷ್ಟವಾಗಬಹುದು. ಅಂಥವರಿಗೆ ಕಾಸರಕೋಡಿನಿಂದಲೇ ಆರಂಭಿಸುವುದು ಉತ್ತಮ. ಕಡಲ ಸಾಹಸ ಕ್ರೀಡೆ, ರಾತ್ರಿಯ ಸಂಗೀತ ಬಯಸುವ ತರುಣರು ಗೋಕರ್ಣಕ್ಕೇ ಹೋಗಲಿ. ಖರ್ಚಿನ ದೃಷ್ಟಿಯಿಂದ ರೈಲು, ರಿಕ್ಷಾ, ತಾರಿ ದೋಣಿ, ಹೋಂಸ್ಟೇ ಹೀಗೆ ಹೋದರೆ ಮಧ್ಯಮವರ್ಗದ ಕೈಗೆ ನಿಲುಕುವಂಥದ್ದೇ. ರಿಕ್ಷಾದವರೊಂದಿಗೆ ಕಾಯುವ ಸಮಯವನ್ನೂ ಸೇರಿಸಿ ಇಡೀ ದಿನದ ಬಾಡಿಗೆಯನ್ನು ಹೊರಡುವ ಮೊದಲೇ ಮಾತಾಡಿಕೊಳ್ಳುವುದು ಇಬ್ಬರಿಗೂ ಒಳ್ಳೆಯದು.

ಸೋಮವಾರ ಅರ್ಧ ದಿನ ರಜೆ ಹಾಕಲು ಸಾಧ್ಯವಿರುವವರು ಹೊನ್ನಾವರದಿಂದ ಸುಮಾರು 30 ಕಿಲೋಮೀಟರ್ ದೂರದ ಗೇರುಸೊಪ್ಪೆಗೆ ಹೋಗಬೇಕು. ಮಿರ್ಜಾನಿನಲ್ಲಿ ಹೆಸರಾಗಿ ಮಾತ್ರ ಕೇಳಿದ ರಾಣಿಯ ರಾಜಧಾನಿ ಇದ್ದದ್ದು ಅಲ್ಲಿ, ಶರಾವತಿಯ ದಡದಲ್ಲಿ. 1623ರಲ್ಲಿ, ಇಂಥದೇ ಅಕ್ಟೋಬರ್ ನವೆಂಬರಿನ ದಿನಗಳಲ್ಲಿ, ಇಟಲಿಯ ಯಾತ್ರಿಕ ಪಿಯೆತ್ರೋ ದೆಲ್ಲಾ ವಾಲೆ ಇಕ್ಕೇರಿಗೆ ಹೊರಟಿದ್ದ ರಾಯಭಾರಿಯ ಜೊತೆಗೂಡಿ ಹೊನ್ನಾವರದಿಂದ ದೋಣಿಯಲ್ಲಿ ಗೇರುಸೊಪ್ಪೆಯವರೆಗೆ ಸಾಗಿದ. ನದಿಯ ಎರಡೂ ದಡಗಳ ಚೆಲುವನ್ನು ಅವನು ಮನಸಾರೆ ಹೊಗಳಿದ್ದಾನೆ. ರಾಣಿ ಸೋತು ಇನ್ನೂ ಇಪ್ಪತ್ತು ವರ್ಷವೂ ಕಳೆಯದ ಆ ಹೊತ್ತಿಗಾಗಲೇ ನಗರವೂ ಅರಮನೆಯೂ ಪಾಳುಬಿದ್ದು ಮರಗಿಡಗಳು ಬೆಳೆದಿದ್ದುದನ್ನು ದಾಖಲಿಸಿದ್ದಾನೆ. ಈಗ ಅಲ್ಲಿ ಉಳಿದಿರುವವುಗಳಲ್ಲಿ ಮುಖ್ಯವಾದದ್ದು ನಗರಬಸ್ತಿಕೇರಿಯ ಚತುರ್ಮುಖ ಬಸದಿ. ನಾಲ್ಕು ದಿಕ್ಕಿಗೂ ಬಾಗಿಲು ತೆರೆದ, ನಾಲ್ಕು ದಿಕ್ಕಿಗೂ ಮುಖ ಮಾಡಿದ ತೀರ್ಥಂಕರರಿರುವ ಕಲ್ಲಿನ ಕಟ್ಟಡ. ಸುತ್ತ ಕಾಡು, ಅಂಗಡಿಗಳಿಲ್ಲ, ಆದ್ದರಿಂದ ನೀರು ತಿಂಡಿಯನ್ನು ಹೊನ್ನಾವರದಲ್ಲೇ ಕಟ್ಟಿಸಿಕೊಳ್ಳಿ. ಸಂಜೆಯ ರೈಲಿಗೆ ಹಿಂದಿರುಗಬೇಕಾದರೆ ಬೆಳಿಗ್ಗೆ ಬೇಗನೆ ಹೊರಟು ಮಧ್ಯಾಹ್ನದೊಳಗೆ ಮರಳುವಂತೆ ನೋಡಿಕೊಳ್ಳಿ.